ಸತ್ತವರು ಯಾರು, ನೋಡಿದವರು ಯಾರು: ನಾನು ಮೆಚ್ಚಿದ ಪತ್ತೇದಾರಿ ಪುಸ್ತಕಗಳು

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಾದಾಗ ಓದಿ.

"ನೀವು ಚಳವಳಿಯೋರು, ಈ ಕೊಲೆ ಕತೆ ಪುಸ್ತಕಗಳನ್ನ ಯಾಕೆ ಓದ್ತೀರಿ?" ಅಂತ ಗೆಳೆಯರು ಆಗಾಗ ಕೇಳ್ತಾರೆ. ಕೇಳೋ ಧಾಟಿಯಲ್ಲೇ ಒಂದು ತೀರ್ಪು ಇರುತ್ತೆ. ಅಂಬೇಡ್ಕರ್, ಫುಲೆ, ಸಿದ್ಧಲಿಂಗಯ್ಯ ಓದೋ ಮನುಷ್ಯ ಪತ್ತೇದಾರಿ ಹಿಡಿದರೆ ಅದು ಬರೀ ಟೈಂಪಾಸು ಅಂತ. ಟೈಂಪಾಸೇ ಆಗಿದ್ರೂ ತಪ್ಪೇನಿಲ್ಲ. ಬೆಳಗ್ಗಿಂದ ಸಂಜೆವರೆಗೂ ನೋಟ್‌ಶೀಟು ಬರೆದು ಬಂದ ಗುಮಾಸ್ತನಿಗೆ ರಾತ್ರಿ ಒಂದು ಗಂಟೆ ಹೊತ್ತು ಯಾರು ಕೊಂದರು ಅಂತ ತಲೆ ಕೆಡಿಸಿಕೊಳ್ಳೋ ಹಕ್ಕಿದೆ. ಖುಷಿಗೆ ಓದೋದು ಕೂಡ ನಮ್ಮ ಜನಕ್ಕೆ ಸುಲಭಕ್ಕೆ ಸಿಕ್ಕಿದ್ದಲ್ಲ.

ಆದರೆ ನನ್ನ ಕಾರಣ ಬೇರೆ. ಪತ್ತೇದಾರಿ ಕಾದಂಬರಿಯಲ್ಲಿ ಒಬ್ಬ ಮನುಷ್ಯ ಸತ್ತರೆ ಇನ್ನೊಬ್ಬ ಬಂದೇ ಬರ್ತಾನೆ. ಬಂದು ಕೇಳ್ತಾನೆ. ಸತ್ತವನು ಯಾರು, ಕೊನೆಗೆ ಯಾರ ಜೊತೆ ಊಟ ಮಾಡಿದ, ಯಾರಿಗೆ ಸಾಲ ಕೊಡಬೇಕಿತ್ತು, ಕಾಲಲ್ಲಿ ಚಪ್ಪಲಿ ಇತ್ತಾ ಇರಲಿಲ್ವಾ. ಒಂದು ಸಾವಿಗೆ ಇಷ್ಟು ಮರ್ಯಾದೆ ಕೊಡೋ ಸಾಹಿತ್ಯ ಇನ್ನೊಂದಿಲ್ಲ. ಆ ಮರ್ಯಾದೆ ಯಾವ ಸಾವಿಗೆ ಸಿಗುತ್ತೆ, ಯಾವುದಕ್ಕೆ ಸಿಗಲ್ಲ ಅನ್ನೋದೇ ನನ್ನ ಕುತೂಹಲ. ಇತ್ತೀಚೆಗೆ ಓದಿದ, ಮತ್ತೆ ಓದಿದ ಪುಸ್ತಕಗಳಲ್ಲಿ ನನಗೆ ಹಿಡಿಸಿದವನ್ನ ಈ ಕಣ್ಣಿಂದಲೇ ನೋಡಿ ಬರೀತಿದೀನಿ. ಕೆಲವು ಕಡೆ ಗುಟ್ಟು ಬಿಟ್ಟುಕೊಡಬೇಕಾಗುತ್ತೆ. ಅಲ್ಲಿ ಮೊದಲೇ ಹೇಳ್ತೀನಿ, ಬೇಡ ಅನ್ನೋರು ಆ ಪ್ಯಾರಾ ದಾಟಿಕೊಳ್ಳಿ.

ಮೊದಲು ನಮ್ಮ ಕನ್ನಡದ ಹಿರಿಯರು. ನನ್ನ ವಯಸ್ಸಿನವರು ಪತ್ತೇದಾರಿ ಕಲಿತಿದ್ದು ಎನ್. ನರಸಿಂಹಯ್ಯನವರಿಂದ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ, ಪತ್ತೇದಾರ ಪುರುಷೋತ್ತಮನ ಜನಕ. ಬಾಡಿಗೆ ಲೈಬ್ರರಿಗಳಲ್ಲಿ ಅವರ ಪುಸ್ತಕಕ್ಕೆ ರಟ್ಟು ಹಾಕಿ ಹೊಲಿದಿರೋರು. ಕೊನೆ ಹಾಳೆ ಹರಿದುಹೋಗಿದ್ರೆ ಕೊಲೆಗಾರ ಯಾರು ಅಂತ ಗೊತ್ತಾಗದೆ ನಾವೇ ಒಂದು ಕೊನೆ ಕಟ್ಟಿಕೊಳ್ತಿದ್ವಿ. ಅವರ ಜೊತೆಗೇ ಹೇಳಬೇಕಾದ ಇನ್ನೊಂದು ಹೆಸರು ಎಂ. ರಾಮಮೂರ್ತಿ. ಇವತ್ತು ನವೆಂಬರ್ ಬಂದರೆ ಎಲ್ಲಾ ಸರ್ಕಲ್‌ನಲ್ಲೂ ಹಾರೋ ಹಳದಿ ಕೆಂಪು ಬಾವುಟ ಮಾಡಿದ್ದು ಇದೇ ಮ. ರಾಮಮೂರ್ತಿ ಅನ್ನೋದು ಬಾವುಟ ಹಿಡಿಯೋ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರು ಪತ್ರಕರ್ತರು, ಕನ್ನಡ ಹೋರಾಟಗಾರರು, ಪತ್ತೇದಾರಿ ಕಾದಂಬರಿಕಾರರು. 1967ರಲ್ಲಿ ಬಾವಿ ತೋಡುವಾಗ ಮಣ್ಣು ಕುಸಿದು ತೀರಿಕೊಂಡರು. ಚಳವಳಿ ಮಾಡೋರು ಪತ್ತೇದಾರಿ ಮುಟ್ಟಬಾರದು ಅನ್ನೋರಿಗೆ ರಾಮಮೂರ್ತಿಯವರೇ ಉತ್ತರ.

ಇವರನ್ನ ವಿಮರ್ಶಕರು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಲಿಲ್ಲ. ಪಂಕ್ತಿಭೇದ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೂಲಿ ಮಾಡೋರು, ಬಸ್ ಕಂಡಕ್ಟರ್‌ಗಳು, ಮನೆಯಲ್ಲೇ ಇರೋ ಹೆಣ್ಣುಮಕ್ಕಳು ಕನ್ನಡ ಸರಾಗವಾಗಿ ಓದೋಕೆ ಕಲಿತಿದ್ದು ಇಂಥ ಪುಸ್ತಕಗಳಿಂದ. ಈ ಋಣ ನೆನೆದೇ ಒಂದು ಮಾತು ಹೇಳ್ತೀನಿ. ಈಗ ಕೂತು ಆ ಥರದ ಹಳೇ ಪುಸ್ತಕ ತಿರುವಿದರೆ ಸತ್ತವರು ಯಾರು? ಸಾಹುಕಾರ, ಜಮೀನ್ದಾರ, ಬಂಗಲೆಯ ಒಡತಿ, ವಜ್ರದ ಹಾರ ಇಟ್ಟುಕೊಂಡವಳು. ನಮ್ಮವರು ಬರೋದು ಆಳಾಗಿ. ಬಾಗಿಲು ತೆಗೆಯೋನು, ಹೆಣ ಮೊದಲು ನೋಡಿ ಕಿರುಚೋನು, ಎರಡು ಅಧ್ಯಾಯ ಅನುಮಾನಕ್ಕೆ ಒಳಗಾಗೋನು. ಇದು ಕನ್ನಡದ್ದೊಂದೇ ಕತೆ ಅಲ್ಲ, ಇಂಗ್ಲಿಷ್‌ನಲ್ಲೂ ಹೀಗೇ. ಸಾವಿಗೆ ಆಸ್ತಿ ಇದ್ದರೆ ತನಿಖೆಗೆ ಬೆಲೆ.

ಈಗ ಷರ್ಲಾಕ್ ಹೋಮ್ಸ್‌ಗೆ ಬರ್ತೀನಿ. ಹೋಮ್ಸ್ ಕತೆಗಳಲ್ಲಿ ನಾನು ಮತ್ತೆ ಮತ್ತೆ ಓದೋದು 'ಸಿಲ್ವರ್ ಬ್ಲೇಜ್', 1892ರ ಕತೆ. ಗುಟ್ಟು ಹೇಳ್ತಿದೀನಿ. ರೇಸ್ ಕುದುರೆಯೊಂದು ರಾತ್ರಿ ಲಾಯದಿಂದ ಕಾಣೆಯಾಗುತ್ತೆ. ಲಾಯದಲ್ಲಿ ನಾಯಿ ಇತ್ತು, ಅದು ಬೊಗಳಲಿಲ್ಲ. ಎಲ್ಲರೂ ಅದನ್ನ ಬಿಟ್ಟುಬಿಡ್ತಾರೆ, ಏನೂ ನಡೆಯಲಿಲ್ಲವಲ್ಲ ಅಂತ. ಹೋಮ್ಸ್ ಮಾತ್ರ ಅಲ್ಲೇ ನಿಲ್ತಾನೆ. ನಾಯಿ ಯಾಕೆ ಬೊಗಳಲಿಲ್ಲ? ಬಂದವನು ಅದಕ್ಕೆ ಚೆನ್ನಾಗಿ ಗೊತ್ತಿದ್ದವನು. ದಿನಾ ಅದಕ್ಕೆ ಅನ್ನ ಹಾಕೋ ಮನೆಯವನು. ಮೌನವೇ ಸಾಕ್ಷಿ.

ಈ ಕತೆ ಓದಿದಾಗೆಲ್ಲ ನನಗೆ ನಮ್ಮ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿ ನೆನಪಾಗುತ್ತೆ. ಹೊಸ ಹುಡುಗರಿಗೆ ಗೊತ್ತಿರಲಿ ಅಂತ ಹೇಳ್ತೀನಿ. 2000ನೇ ಇಸವಿ ಮಾರ್ಚ್ 11. ಆಗ ನಮ್ಮದು ಬೇರೆ ಜಿಲ್ಲೆ ಆಗಿರಲಿಲ್ಲ, ಕೋಲಾರಕ್ಕೇ ಸೇರಿತ್ತು. ಹೆಂಗಸರೂ ಸೇರಿ ಏಳು ಜನ ದಲಿತರನ್ನ ಜೀವಂತ ಸುಟ್ಟರು. ದೇಶವೆಲ್ಲ ಮಾತಾಡಿತು, ಮಂತ್ರಿಗಳು ಬಂದರು, ಕೇಸಾಯಿತು. ವಿಚಾರಣೆಗೆ ಬರೋ ಹೊತ್ತಿಗೆ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿ ನಿಂತರು. 2006ರಲ್ಲಿ ಸೆಷನ್ಸ್ ಕೋರ್ಟು ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ನಾನು ಗುಮಾಸ್ತ, ನನಗೆ ಎಲ್ಲಾ ಕಾಲಂ ಲೆಕ್ಕದಲ್ಲೇ ಕಾಣುತ್ತೆ. ಏಳು ಜನ ಸತ್ತರು ಅನ್ನೋ ಕಾಲಂ ತುಂಬಿದೆ. ಕೊಂದವರು ಅನ್ನೋ ಕಾಲಂ ಖಾಲಿ ಇದೆ. ಫೈಲು ಮುಗಿದಿದೆ.

ಚಿಂತಾಮಣಿ, ಬಾಗೇಪಲ್ಲಿ ಕಡೆ ಬಹಳ ಮನೆಗಳಲ್ಲಿ ಮಾತು ತೆಲುಗು. ಊರಲ್ಲಿ ಗಲಾಟೆ ಆದ ಮೇಲೆ ಹೋಗಿ ಕೇಳಿದರೆ ಸಿಗೋ ಉತ್ತರ ಒಂದೇ, "ಮಾಕೇಮೀ ತೆಲೀದು ಸಾಮಿ." ನಮಗೇನೂ ಗೊತ್ತಿಲ್ಲ ಸ್ವಾಮಿ ಅಂತ. ಸತ್ಯಶೋಧನೆಗೆ ಹೋದ ನಮ್ಮ ಗೆಳೆಯರೆಲ್ಲ ಈ ಮಾತು ಕೇಳಿದೋರೇ. ಪೇಟೆಯಿಂದ ಬಂದ ಹೊಸ ಹುಡುಗರು ಅದನ್ನ ಹೇಡಿತನ ಅಂತಾರೆ. ನಾನು ಹೋಮ್ಸ್‌ನ ನಾಯಿ ಕತೆ ಓದಿ ಅಂತೀನಿ. ಬಾಯಿ ಬಿಡದೇ ಇರೋದು ಗೊತ್ತಿಲ್ಲದ್ದಕ್ಕಲ್ಲ, ಚೆನ್ನಾಗಿ ಗೊತ್ತಿರೋದಕ್ಕೆ. ಯಾರ ಹೊಲದಲ್ಲಿ ಕೂಲಿ, ಯಾರ ಬೋರ್‌ವೆಲ್‌ನಿಂದ ನೀರು, ಯಾರ ಹತ್ರ ಮಗಳ ಮದುವೆ ಸಾಲ, ಡೈರಿಯಲ್ಲಿ ಹಾಲು ಅಳೆಯೋನು ಯಾರ ಕಡೆಯವನು, ರೇಷ್ಮೆ ಗೂಡು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹಾಕಿಕೊಂಡು ಹೋಗೋ ಟೆಂಪೋ ಯಾರದು. ಇಷ್ಟೆಲ್ಲ ಗೊತ್ತಿದ್ದ ಮೇಲೆ ಮೌನ ಅನ್ನೋದು ಒಂದು ಹೇಳಿಕೆ. ಅದನ್ನ ಬರೆದುಕೊಳ್ಳೋಕೆ ಮಹಜರು ಪುಸ್ತಕದಲ್ಲಿ ಜಾಗ ಇಲ್ಲ.

ಜಾಗ ಮಾಡಿಕೊಟ್ಟಿದ್ದು ಒಂದು ಕನ್ನಡ ಪುಸ್ತಕ. ದೇವನೂರರ 'ಕುಸುಮಬಾಲೆ'ಯನ್ನ ಯಾರೂ ಪತ್ತೇದಾರಿ ಸಾಲಿಗೆ ಸೇರಿಸಲ್ಲ. ನಾನು ಈ ವರ್ಷ ಅದನ್ನ ಮತ್ತೆ ಓದಿದ್ದು ಕೊಲೆ ಕಾದಂಬರಿ ಅಂತಲೇ. ಪುಸ್ತಕದ ಹೊಟ್ಟೆಯಲ್ಲಿರೋದು ಒಂದು ಕೊಲೆ. ಚನ್ನ ಅನ್ನೋ ನಮ್ಮ ಹುಡುಗ, ಮೇಲ್ಜಾತಿ ಮನೆಯ ಕುಸುಮ, ಒಂದು ಕೂಸು, ಆಮೇಲೆ ಚನ್ನನ ಸಾವು. ಪೊಲೀಸ್ ಪತ್ತೇದಾರ ಬಂದು ಗಂಟು ಬಿಡಿಸಲ್ಲ. ಅಲ್ಲಿ ಮಾತಾಡೋರು ಯಾರು ಅಂತ ನೆನಪಿದೆಯಾ? ರಾತ್ರಿ ಒಟ್ಟಿಗೆ ಸೇರಿ ಸುದ್ದಿ ಹಂಚಿಕೊಳ್ಳೋ ಜೋತಮ್ಮಂದಿರು, ಅಂದ್ರೆ ಮನೆ ಮನೆಯ ದೀಪಗಳು. ಮನುಷ್ಯರ ಹಾಗೆ ಕತೆ ಹೇಳೋ ಮಂಚ. ಕಾಲೇಜಿನಲ್ಲಿ ಓದಿದಾಗ ಇದನ್ನ ಜಾನಪದದ ಚಂದ ಅಂತ ಹೇಳಿಕೊಟ್ಟಿದ್ರು. ಈಗ ಓದಿದಾಗ ನನಗೆ ಕಂಡಿದ್ದು ಬೇರೆ. ಮನುಷ್ಯರು ಬಾಯಿ ಬಿಟ್ಟರೆ ಉಳಿಯದ ಊರಲ್ಲಿ ದೀಪ ಮಾತಾಡಬೇಕಾಗುತ್ತೆ. ಮನೆಯೊಳಗೆ ನಡೆದಿದ್ದೆಲ್ಲ ನೋಡಿರೋದು ದೀಪ. ಅದನ್ನ ಯಾರೂ ಹೆದರಿಸೋಕಾಗಲ್ಲ, ಸಾಲ ಕೊಟ್ಟು ಕಟ್ಟಿಹಾಕೋಕಾಗಲ್ಲ. 1984ರಲ್ಲಿ ಬಂದ ಈ ಪುಟ್ಟ ಪುಸ್ತಕ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿದ್ದು, ಸಾಕ್ಷಿಯ ಬಗ್ಗೆ ನಾನು ಓದಿರೋ ಅತ್ಯುತ್ತಮ ಪುಸ್ತಕ. ಭಾಷೆ ಕಷ್ಟ ಅಂತ ಬಿಟ್ಟೋರು ಜೋರಾಗಿ ಓದಿ ನೋಡಿ. ಕಿವಿಗೆ ಬಿದ್ದರೆ ಅರ್ಥ ಆಗುತ್ತೆ.

ತೇಜಸ್ವಿಯವರ 'ಚಿದಂಬರ ರಹಸ್ಯ'ವನ್ನೂ ಇದೇ ಸಾಲಿನಲ್ಲಿ ಇಡ್ತೀನಿ. ಏಲಕ್ಕಿ ಬೆಳೆ ಯಾಕೆ ಕುಸೀತಿದೆ, ಒಬ್ಬ ವಿಜ್ಞಾನಿ ಹೇಗೆ ಸತ್ತ ಅಂತ ಪತ್ತೆ ಮಾಡೋಕೆ ಅಂಗಡಿ ಅನ್ನೋ ಅಧಿಕಾರಿ ಕೆಸರೂರಿಗೆ ಬರ್ತಾನೆ. ಹುಡುಕ್ತಾ ಹೋದ ಹಾಗೆ ಅಪರಾಧ ಒಬ್ಬ ಮನುಷ್ಯನಲ್ಲಿ ನಿಲ್ಲಲ್ಲ, ಊರಿಗೆಲ್ಲ ಹರಡಿಕೊಂಡಿರುತ್ತೆ. ಜಾತಿ, ಧರ್ಮದ ಜಗಳ, ಕಳ್ಳ ವ್ಯಾಪಾರ, ಸಣ್ಣ ಸಣ್ಣ ಸ್ವಾರ್ಥ. ಅವರವರ ಜಗಳದಲ್ಲಿ ಅವರವರು ಮುಳುಗಿರುವಾಗ ಬೆಂಕಿ ಬರುತ್ತೆ. ನಗಿಸ್ತಾ ನಗಿಸ್ತಾ ಹೆದರಿಸೋ ಪುಸ್ತಕ. ಪತ್ತೇದಾರಿಯ ರುಚಿ ಹತ್ತಿಸಬೇಕು ಅನ್ನೋ ಹುಡುಗರಿಗೆ ಮೊದಲು 'ಜುಗಾರಿ ಕ್ರಾಸ್' ಕೊಡಿ, ಆಮೇಲೆ ಇದನ್ನ ಕೊಡಿ.

ಇನ್ನು ಹೊರಗಿನವು. ಇಂಗ್ಲಿಷ್ ನಾನು ನಿಧಾನಕ್ಕೆ ಓದೋನು, ಮೊಬೈಲಲ್ಲಿ ಡಿಕ್ಷನರಿ ತೆಗೆದಿಟ್ಟುಕೊಂಡು. ಆದರೂ ಅಮೆರಿಕದ ಕಪ್ಪು ಲೇಖಕರ ಪತ್ತೇದಾರಿಗಳು ನಮ್ಮ ಪಕ್ಕದ ಕೇರಿಯವು ಅನ್ನಿಸುತ್ತೆ.

ಚೆಸ್ಟರ್ ಹೈಮ್ಸ್ ಇವರಲ್ಲಿ ಹಿರಿಯ. ಯೌವನದಲ್ಲೇ ದರೋಡೆ ಕೇಸಿನಲ್ಲಿ ಜೈಲಿಗೆ ಹೋದವನು, ಬರೆಯೋಕೆ ಶುರು ಮಾಡಿದ್ದೇ ಜೈಲಿನಲ್ಲಿ. ಆಮೇಲೆ ಫ್ರಾನ್ಸಿಗೆ ಹೋಗಿ ಅಲ್ಲಿ ಕೂತು ನ್ಯೂಯಾರ್ಕಿನ ಹಾರ್ಲೆಮ್ ಬಗ್ಗೆ ಪತ್ತೇದಾರಿ ಬರೆದ. 1958ರಲ್ಲಿ ಫ್ರಾನ್ಸಿನ ದೊಡ್ಡ ಪತ್ತೇದಾರಿ ಪ್ರಶಸ್ತಿ ಇವನಿಗೆ ಬಂತು. ಕಾಫಿನ್ ಎಡ್, ಗ್ರೇವ್ ಡಿಗ್ಗರ್ ಅನ್ನೋ ಇಬ್ಬರು ಕಪ್ಪು ಪೊಲೀಸರು ಇವನ ನಾಯಕರು. ತಮ್ಮ ಜನರ ನಡುವೆ ಬಿಳಿಯರ ಕಾನೂನು ಹಿಡಿದು ಓಡಾಡಬೇಕು. ಜನ ಇವರನ್ನ ನಂಬಲ್ಲ, ಮೇಲಿನವರು ಇವರನ್ನ ಮೇಲೆ ಬಿಡಲ್ಲ. ನಮ್ಮ ಕೇರಿಯಿಂದ ಪೊಲೀಸ್ ಆಗಿ ಹೋದ ಹುಡುಗರು, ಗಲಾಟೆ ದಿನ ನಮ್ಮ ಕೇರಿಗೇ ಬಂದೋಬಸ್ತಿಗೆ ಬಂದು ತಲೆ ತಗ್ಗಿಸಿ ನಿಂತಿದ್ದನ್ನ ನೋಡಿದೋರಿಗೆ ಈ ಪುಸ್ತಕಕ್ಕೆ ಟಿಪ್ಪಣಿ ಬೇಕಾಗಲ್ಲ.

ವಾಲ್ಟರ್ ಮೋಸ್ಲಿಯ 'ಡೆವಿಲ್ ಇನ್ ಎ ಬ್ಲೂ ಡ್ರೆಸ್' 1990ರದ್ದು. ಕತೆ ನಡೆಯೋದು 1948ರ ಲಾಸ್ ಏಂಜಲೀಸ್‌ನಲ್ಲಿ. ಈಜಿ ರಾಲಿನ್ಸ್ ಮಹಾಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಮನುಷ್ಯ. ವಿಮಾನ ಕಾರ್ಖಾನೆಯ ಕೆಲಸ ಹೋಗಿದೆ. ಮನೆ ಸಾಲದ ಕಂತು ಕಟ್ಟಬೇಕು. ಆ ಕಂತಿಗಾಗಿ ಒಬ್ಬ ಬಿಳಿಯನ ಮಾತು ಕೇಳಿ ಒಬ್ಬ ಹೆಂಗಸನ್ನ ಹುಡುಕೋ ಕೆಲಸ ಒಪ್ಪಿಕೊಳ್ತಾನೆ. ಪತ್ತೇದಾರ ಹುಟ್ಟೋದು ಹೀಗೆ. ಬುದ್ಧಿವಂತಿಕೆ ತೋರಿಸೋ ಚಟದಿಂದ ಅವನು ಪತ್ತೇದಾರ ಆಗಿಲ್ಲ, ಒಂದು ಸ್ವಂತ ಸೂರು ಉಳಿಸಿಕೊಳ್ಳೋಕೆ ಆಗಿದ್ದು. ಆ ಮನೆಯ ಮೇಲೆ ಅವನಿಗಿರೋ ಪ್ರೀತಿ ಓದುವಾಗ, ಮೊದಲ ಸಲ ಹಕ್ಕುಪತ್ರ ಕೈಗೆ ಬಂದ ದಿನ ನಮ್ಮವರು ಅದನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಟ್ರಂಕಿನ ತಳದಲ್ಲಿ ಇಡೋದು ಕಣ್ಣಿಗೆ ಬಂತು. ಪೊಲೀಸರು ಅವನನ್ನ ಹಿಡಿದುಕೊಂಡು ಹೋಗಿ ಹೊಡೀತಾರೆ. ಷರ್ಲಾಕ್ ಹೋಮ್ಸ್‌ಗೆ ಯಾವ ಪೊಲೀಸೂ ಹೀಗೆ ಕೈ ಮಾಡಲಿಲ್ಲ. ಇನ್ನೊಂದು ವಿಷಯ, ಗುಟ್ಟು ಪೂರ್ತಿ ಹೇಳಲ್ಲ. ಈ ಕತೆಯಲ್ಲಿ ಒಬ್ಬರು ತಮ್ಮ ಹುಟ್ಟನ್ನ ಮುಚ್ಚಿಟ್ಟು ಬದುಕ್ತಿರ್ತಾರೆ. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳೋಕೆ ಹೋಗಿ "ನೀವು ಯಾವ ಪೈಕಿ?" ಅನ್ನೋ ಪ್ರಶ್ನೆಗೆ ಸುಳ್ಳು ಹೇಳಿದ ಎಲ್ಲರಿಗೂ ಆ ಭಯ ಗೊತ್ತು.

ಮೂರನೆಯದು ಆಟಿಕಾ ಲಾಕ್ ಬರೆದ 'ಬ್ಲೂಬರ್ಡ್, ಬ್ಲೂಬರ್ಡ್', 2017ರದ್ದು, ಮರುವರ್ಷ ಎಡ್ಗರ್ ಪ್ರಶಸ್ತಿ ಬಂತು. ಟೆಕ್ಸಸ್‌ನ ಒಂದು ಸಣ್ಣ ಊರು. ಎರಡು ಹೆಣ. ಒಂದು ಹೊರ ಊರಿಂದ ಬಂದ ಕಪ್ಪು ವಕೀಲನದು, ಇನ್ನೊಂದು ಅದೇ ಊರಿನ ಬಿಳಿ ಹೆಂಗಸಿನದು. ವಕೀಲನ ಹೆಣ ಮೊದಲು ಸಿಕ್ಕಿದ್ದು, ಆದರೆ ಊರಿನ ಕಾನೂನು ಎಚ್ಚರ ಆಗೋದು ಎರಡನೇ ಹೆಣ ಸಿಕ್ಕಾಗ. ಡ್ಯಾರೆನ್ ಮ್ಯಾಥ್ಯೂಸ್ ಅನ್ನೋ ಕಪ್ಪು ರೇಂಜರ್ ಈ ಎರಡೂ ಸಾವನ್ನ ಒಂದೇ ತಕ್ಕಡಿಯಲ್ಲಿಟ್ಟು ನೋಡಬೇಕು ಅಂತ ಹಟ ಹಿಡೀತಾನೆ. ಅಷ್ಟೇ ಅವನ ಕ್ರಾಂತಿ. ಅಷ್ಟಕ್ಕೇ ಊರು ಅವನ ವಿರುದ್ಧ ತಿರುಗುತ್ತೆ. ಲಾಕ್‌ಗೆ ಸಿಟ್ಟಿದೆ, ಆದರೆ ಆಕೆ ಊರನ್ನ ದ್ವೇಷಿಸಿ ಬರೆಯಲ್ಲ. ಆ ಹಾಡು, ಆ ಅಡುಗೆ, ಆ ಮಣ್ಣು ನಮ್ಮದೂ ಹೌದು, ನಾವು ಯಾಕೆ ಬಿಟ್ಟು ಹೋಗಬೇಕು ಅನ್ನೋ ಹಕ್ಕಿನಿಂದ ಬರೀತಾಳೆ. ನನಗೆ ಹಿಡಿಸಿದ್ದು ಅದು.

ಈಗ ಈ ವರ್ಷ ನನ್ನ ನಿದ್ದೆ ಕೆಡಿಸಿದ ಪುಸ್ತಕ. ಜಪಾನಿನ ಕೀಗೊ ಹಿಗಾಶಿನೊ ಬರೆದ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'. ಹಿಂದಿಯಲ್ಲಿ 2023ರಲ್ಲಿ 'ಜಾನೇ ಜಾನ್' ಅಂತ ಸಿನಿಮಾನೂ ಆಯಿತು. ಇಲ್ಲಿ ಪೂರ್ತಿ ಗುಟ್ಟು ಹೇಳ್ತೀನಿ, ಓದಬೇಕು ಅನ್ನೋರು ಈ ಪ್ಯಾರಾ ಬಿಡಿ. ಒಬ್ಬ ಹೆಂಗಸು ತನ್ನನ್ನ ಪೀಡಿಸೋ ಮಾಜಿ ಗಂಡನನ್ನ ಮನೆಯಲ್ಲೇ ಕೊಂದುಬಿಡ್ತಾಳೆ. ಪಕ್ಕದ ಮನೆಯ ಗಣಿತ ಮೇಷ್ಟ್ರು ಅವಳನ್ನ ಉಳಿಸೋಕೆ ನಿಲ್ತಾನೆ. ಪೊಲೀಸರಿಗೆ ಒಂದು ಹೆಣ ಸಿಗುತ್ತೆ, ಅದು ಆ ಗಂಡನದೇ ಅಂತ ನಂಬ್ತಾರೆ. ನಿಜ ಏನಂದ್ರೆ, ಮೇಷ್ಟ್ರು ಮರುದಿನ ಇನ್ನೊಬ್ಬನನ್ನ ಕೊಂದು, ಮುಖ ಜಜ್ಜಿ, ಬೆರಳಚ್ಚು ಸುಟ್ಟು ಅಲ್ಲಿ ಹಾಕಿರ್ತಾನೆ. ಪೊಲೀಸರು ತಪ್ಪು ದಿನದ ಲೆಕ್ಕ ಹಾಕ್ತಾ ಕೂರ್ತಾರೆ. ಆ ಇನ್ನೊಬ್ಬ ಯಾರು? ನದಿ ದಂಡೆಯಲ್ಲಿ ಮಲಗೋ ಮನೆಯಿಲ್ಲದ ಮನುಷ್ಯ. ಮೇಷ್ಟ್ರು ಅವನನ್ನೇ ಆರಿಸಿದ್ದು ಯಾಕೆ ಅಂದ್ರೆ ಅವನು ಕಾಣೆಯಾದರೆ ಯಾರೂ ಹುಡುಕಲ್ಲ.

ಓದಿದೋರೆಲ್ಲ ಆ ಮೇಷ್ಟ್ರ ಪ್ರೀತಿ, ತ್ಯಾಗ ಅಂತ ಕಣ್ಣೀರು ಹಾಕ್ತಾರೆ. ನಾನೂ ಒಂದು ಕ್ಷಣ ಮರುಳಾದೆ. ಪುಸ್ತಕ ಮಡಚಿದ ಮೇಲೆ ಆ ನದಿ ದಂಡೆಯ ಮನುಷ್ಯ ಬಂದು ಕೂತ. ಇಡೀ ಜಾಣ ಲೆಕ್ಕ ನಿಂತಿರೋದು ಅವನಿಗೆ ಲೆಕ್ಕವೇ ಇಲ್ಲ ಅನ್ನೋ ಒಂದು ಸತ್ಯದ ಮೇಲೆ. ಇದರ ಜೊತೆ ನಮ್ಮ 'ದೃಶ್ಯ' ಸಿನಿಮಾ ಇಟ್ಟು ನೋಡಿ. 2014ರಲ್ಲಿ ರವಿಚಂದ್ರನ್ ಮಾಡಿದ್ದು. ಅಲ್ಲಿ ಕಾಣೆಯಾಗೋನು ಪೊಲೀಸ್ ಐಜಿ ಮಗ. ಇಡೀ ಇಲಾಖೆ ಒಂದು ಕುಟುಂಬದ ಮೇಲೆ ಮುರಿದು ಬೀಳುತ್ತೆ. ಒಂದು ಕಡೆ ಒಂದು ಸಾವಿಗೆ ರಾಜ್ಯವೇ ಎದ್ದು ನಿಲ್ಲುತ್ತೆ, ಇನ್ನೊಂದು ಕಡೆ ಒಂದು ಸಾವು ಕತೆಗೆ ಬರೀ ಸಾಮಾನು. ಮ್ಯಾನ್‌ಹೋಲಿಗೆ ಇಳಿದು ಸತ್ತ ನಮ್ಮವರ ಸಾವು ಪೇಪರಿನಲ್ಲಿ ಎಷ್ಟು ಸಾಲು ಬರುತ್ತೆ ಅಂತ ಎಣಿಸಿದೋರಿಗೆ ಈ ತಕ್ಕಡಿ ಹೊಸದಲ್ಲ. ಹಿಗಾಶಿನೊ ಇದನ್ನ ಬೇಕೆಂದೇ ಮಾಡಿದನೋ ಇಲ್ವೋ, ನನಗೆ ಮುಖ್ಯ ಅಲ್ಲ. ಪುಸ್ತಕ ಅದನ್ನ ಬಯಲಿಗಿಡುತ್ತೆ.

ಕೊನೆಯದಾಗಿ ದೀಪಾ ಆನಪ್ಪಾರ ಅವರ 'ಜಿನ್ ಪಟ್ರೋಲ್ ಆನ್ ದಿ ಪರ್ಪಲ್ ಲೈನ್', 2020ರಲ್ಲಿ ಬಂತು, ಮರುವರ್ಷ ಇದಕ್ಕೂ ಎಡ್ಗರ್ ಪ್ರಶಸ್ತಿ. ಉತ್ತರ ಭಾರತದ ದೊಡ್ಡ ನಗರವೊಂದರ ಕೊಳೆಗೇರಿ. ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗ್ತಾರೆ. ಪೊಲೀಸರ ಹತ್ರ ಹೋದರೆ ಕೇಸು ಬರೆಯೋ ಮಾತಿಲ್ಲ, ಬುಲ್ಡೋಜರ್ ತರ್ತೀವಿ ಅನ್ನೋ ಬೆದರಿಕೆ ಇದೆ. ಹಾಗಾಗಿ ಜೈ ಅನ್ನೋ ಒಂಬತ್ತು ವರ್ಷದ ಹುಡುಗ ತಾನೇ ಪತ್ತೇದಾರ ಆಗ್ತಾನೆ. ಟಿವಿಯಲ್ಲಿ ಪೊಲೀಸ್ ಸೀರಿಯಲ್ ನೋಡಿ ಕಲಿತ ವಿದ್ಯೆ. ಪರಿ, ಫೈಜ್ ಅನ್ನೋ ಇಬ್ಬರು ಗೆಳೆಯರು ಜೊತೆಗೆ. ಪರಿ ಓದಿನಲ್ಲೂ ಬುದ್ಧಿಯಲ್ಲೂ ಅವನಿಗಿಂತ ಮುಂದೆ, ಆದರೂ ಅವನು ತಾನೇ ಲೀಡರ್ ಅಂದುಕೊಂಡಿರ್ತಾನೆ. ನಗು ಬರುತ್ತೆ. ಆ ನಗು ನಿಧಾನಕ್ಕೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಸರ್ಕಾರ ಮಾಡಬೇಕಾದ ಕೆಲಸ ಒಂದು ಮಗುವಿನ ಆಟ ಆಗಿಬಿಟ್ಟಿದೆಯಲ್ಲ ಅನ್ನೋದು ಪುಸ್ತಕ ಅರ್ಧ ಆಗೋವರೆಗೂ ನಮಗೆ ಹೊಳೆಯಲ್ಲ. ಎಂಟನೇ ಕ್ಲಾಸಿನ ಮೇಲಿನ ಮಕ್ಕಳಿಗೂ ಓದಿಸಬಹುದು, ಪಕ್ಕದಲ್ಲಿ ದೊಡ್ಡೋರು ಇರಲಿ.

ಇಷ್ಟೂ ಪುಸ್ತಕ ಪಕ್ಕ ಪಕ್ಕ ಇಟ್ಟು ನೋಡಿದಾಗ ನನಗೆ ತೋಚಿದ್ದು ಇದು. ಹಳೇ ಪತ್ತೇದಾರಿ ಕೊಂದವರು ಯಾರು ಅಂತ ಕೇಳುತ್ತೆ. ನನಗೆ ಹಿಡಿಸಿದ ಪುಸ್ತಕಗಳು ಅದರ ಹಿಂದಿನ ಎರಡು ಪ್ರಶ್ನೆ ಕೇಳ್ತವೆ. ಸತ್ತವನು ಲೆಕ್ಕಕ್ಕೆ ಇದ್ದವನಾ? ನೋಡಿದವನು ಹೇಳಿ ಬದುಕಬಹುದಾ? ಹೋಮ್ಸ್ ಕತೆಯಲ್ಲಿ ಎರಡಕ್ಕೂ ಹೌದು ಅನ್ನೋ ಉತ್ತರ ಮೊದಲೇ ಸಿಕ್ಕಿರುತ್ತೆ. ಅದಕ್ಕೇ ಅಲ್ಲಿ ಬುದ್ಧಿ ಒಂದಿದ್ದರೆ ಸಾಕು. ನಮ್ಮಲ್ಲಿ ಬಹಳ ಸಲ ಕೊಂದವರು ಯಾರು ಅನ್ನೋದು ರಹಸ್ಯವೇ ಆಗಿರಲ್ಲ. ಊರಿಗೇ ಗೊತ್ತಿರೋದನ್ನ ಕೋರ್ಟಿನ ಕಟಕಟೆವರೆಗೆ ಜೀವಂತವಾಗಿ ತಗೊಂಡು ಹೋಗೋದೇ ಕಷ್ಟ.

ಕಾನೂನು ಇದನ್ನ ಸ್ವಲ್ಪ ಅರ್ಥ ಮಾಡಿಕೊಂಡಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ನಿಯಮಗಳು ತನಿಖೆಯನ್ನ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡಬಾರದು ಅಂತ ಹೇಳ್ತವೆ. ಸಂತ್ರಸ್ತರಿಗೂ ಸಾಕ್ಷಿಗಳಿಗೂ ಪ್ರಯಾಣ ಖರ್ಚು, ದಿನಭತ್ಯೆ ಕೊಡಬೇಕು ಅಂತ ಇದೆ. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 15ಎ ಅಂತ ಒಂದು ಸೆಕ್ಷನ್ ಸೇರಿತು. ಸಂತ್ರಸ್ತರು, ಅವರ ಅವಲಂಬಿತರು, ಸಾಕ್ಷಿಗಳ ರಕ್ಷಣೆ ಸರ್ಕಾರದ ಕರ್ತವ್ಯ ಅಂತ ಅದು ಹೇಳುತ್ತೆ. ಕಂಬಾಲಪಲ್ಲಿಯವರು ಕಟಕಟೆ ಹತ್ತಿದಾಗ ಈ ಸೆಕ್ಷನ್ ಇರಲಿಲ್ಲ. ಓದೋಕೆ ಒಣ ಅಕ್ಷರ. ಆದರೆ ಒಬ್ಬ ಕೂಲಿಯವನು ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ ಬದಲಾಯಿಸಿ, ಕೋರ್ಟಿನ ಹೊರಗೆ ಎದುರು ಪಾರ್ಟಿಯವರ ಪಕ್ಕದಲ್ಲೇ ನಿಂತು, ಕೊನೆಗೆ "ಇವತ್ತು ಮುಂದಕ್ಕೆ ಹೋಯ್ತು" ಅಂತ ಕೇಳಿಸಿಕೊಂಡು ವಾಪಸ್ ಬರೋ ಕತೆಯಲ್ಲಿ ಆ ಬಸ್ ಚಾರ್ಜಿನ ಬಿಲ್ಲು ದೊಡ್ಡ ಸುಳಿವು. ಅದು ಪಾಸಾಗದೆ ಮೇಜಿನ ಮೇಲೆ ಕೂತಿದ್ರೆ ಕೇಸು ಅಲ್ಲೇ ಸೋಲೋಕೆ ಶುರು ಆಗಿದೆ ಅಂತ ಅರ್ಥ.

ಸಾಕ್ಷಿ ನಿಂತರೆ ಏನಾಗುತ್ತೆ ಅನ್ನೋದಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮೇಲೆ ಹಲ್ಲೆ ಆಯಿತು, ಅವರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದರ ಮೇಲೆ ಅಪೀಲು ಹೈಕೋರ್ಟಿಗೆ ಹೋಯಿತು, ಅದರ ದಾರಿ ಅದಕ್ಕಿದೆ. ಆದರೆ ಹತ್ತು ವರ್ಷ ಅದೇ ಊರಲ್ಲಿ ಬದುಕಿಕೊಂಡು, ಕೋರ್ಟಿಗೆ ಬಂದು ಹೇಳಿದ್ರಲ್ಲ, ಅವರ ಧೈರ್ಯ ಯಾವ ಪತ್ತೇದಾರನಿಗೂ ಬಂದಿಲ್ಲ. ಪುರುಷೋತ್ತಮನಿಗಾದರೂ ಕೇಸು ಮುಗಿದ ಮೇಲೆ ಮನೆಗೆ ಹೋಗೋ ಅವಕಾಶ ಇತ್ತು.

ಅದಕ್ಕೇ ನಾನು ಕಾಯ್ತಿರೋ ಒಂದು ಕನ್ನಡ ಕಾದಂಬರಿ ಇದೆ. ಅದನ್ನ ನಮ್ಮ ಹುಡುಗ ಹುಡುಗಿಯರೇ ಬರೀಬೇಕು. ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಕನ್ನಡ ತೆಲುಗು ಕಲೆತ ಮಾತಿನಲ್ಲಿ. ಅದರಲ್ಲಿ ಕೊಂದವರ ಹೆಸರು ಮೊದಲ ಪುಟದಲ್ಲೇ ಬಂದುಬಿಡಲಿ. ಆಮೇಲೆ ಮುನ್ನೂರು ಪುಟ ಒಬ್ಬ ಸಾಕ್ಷಿಯದು. ಅವಳು ಸಮನ್ಸ್ ಬಂದ ದಿನದಿಂದ ಕಟಕಟೆ ಹತ್ತೋ ದಿನದವರೆಗೆ ಏನೇನು ದಾಟಬೇಕು, ಯಾರು ಅಕ್ಕಿ ತಂದುಕೊಟ್ಟು ಸಮಾಧಾನ ಮಾಡ್ತಾರೆ, ಯಾರು ಮಗನ ಕೆಲಸದ ಆಸೆ ತೋರಿಸ್ತಾರೆ, ಯಾವ ರಾತ್ರಿ ಅವಳ ಗಂಡನೇ "ನಮಗ್ಯಾಕಮ್ಮಿ ಇದೆಲ್ಲ" ಅಂತಾನೆ. ಕೊನೆ ಪುಟದವರೆಗೂ ಅವಳು ಹೇಳ್ತಾಳೋ ಇಲ್ವೋ ಗೊತ್ತಾಗಬಾರದು. ಇದಕ್ಕಿಂತ ದೊಡ್ಡ ಸಸ್ಪೆನ್ಸ್ ನನಗೆ ಗೊತ್ತಿಲ್ಲ. ಬರೆಯೋರು ಯಾರಾದ್ರೂ ಇದ್ದರೆ ಫೈಲು, ಮಹಜರು, ಚಾರ್ಜ್‌ಶೀಟಿನ ಭಾಷೆಗೆ ನನ್ನನ್ನ ಕೇಳಿ, ರಾತ್ರಿ ಕೂತು ಹೇಳಿಕೊಡ್ತೀನಿ.

ಅಲ್ಲೀವರೆಗೆ ಮೇಲಿನ ಪುಸ್ತಕಗಳಲ್ಲಿ ಒಂದಾದ್ರೂ ಓದಿ. 'ಕುಸುಮಬಾಲೆ' ಮತ್ತು ತೇಜಸ್ವಿ ಲೈಬ್ರರಿಗಳಲ್ಲೂ ಸಿಗ್ತವೆ. ಉಳಿದವು ಇಂಗ್ಲಿಷ್‌ನಲ್ಲಿವೆ, ನನ್ನ ಹತ್ರ ಇರೋದನ್ನ ಕೊಡ್ತೀನಿ, ರಟ್ಟು ಕೀಳದೆ ವಾಪಸ್ ಕೊಡಿ. ಮತ್ತೆ ನಿಮ್ಮ ತಾಲೂಕಿನಲ್ಲಿ ದೌರ್ಜನ್ಯದ ಕೇಸು ವಿಚಾರಣೆಗೆ ಬಂದಿದ್ರೆ, ಸಾಕ್ಷಿ ಹೇಳೋಕೆ ಹೋಗೋರ ಜೊತೆ ಇಬ್ಬರು ಬಸ್ಸಿನಲ್ಲಿ ಕೂತು ಹೋಗಿ. ಅವತ್ತು ಭಾಷಣ ಬೇಡ, ಘೋಷಣೆ ಬೇಡ. ಪಕ್ಕದ ಸೀಟಿನಲ್ಲಿ ಕೂತಿದ್ರೆ ಸಾಕು.

ಜೈ ಭೀಮ್.